ಬಲಕ್ಕೆ ಹಾರಿದ ಮೇಡಂ, ಬಲಕ್ಕೆ ತಿರುಗಿದ ಸೈಕಲ್ಲು

ನಮ್ಮ ವಾಕಿಂಗ್ ಗ್ರೂಪಲ್ಲಿ ಒಂದು ಮನವಿ ಪತ್ರ ಓಡಾಡ್ತಾ ಇದೆ. ಗ್ರೂಪಿನ ಹೆಸರು ಬೇಡ, ಕೆರೆ ಹೆಸರೂ ಬೇಡ, ಚಿಕ್ಕಮಗಳೂರಲ್ಲಿ ಕೆರೆಗಳಿಗೇನು ಬರ ಇಲ್ಲ, ಊರೋರಿಗೆ ಓದ್ತಾ ಓದ್ತಾ ಯಾವುದು ಅಂತ ಗೊತ್ತಾಗೇ ಆಗತ್ತೆ. ಮನವಿ ಇಷ್ಟೇ: ಕೆರೆ ಸುತ್ತ ಇರೋ ಟ್ರ್ಯಾಕಲ್ಲಿ ಸೈಕಲ್ ಪೂರ್ತಿ ನಿಷೇಧ ಮಾಡಬೇಕು, ಗೇಟಲ್ಲಿ ಬೋರ್ಡ್ ಹಾಕಬೇಕು. ಟ್ರ್ಯಾಕ್ ಮಾಡ್ದಾಗ ನೆಲದ ಮೇಲೆ ಬಿಳಿ ಪೇಂಟಲ್ಲಿ ಒಂದು ಮನುಷ್ಯ, ಪಕ್ಕದಲ್ಲೇ ಒಂದು ಸೈಕಲ್ ಚಿತ್ರ ಬರೆದಿದ್ರು, ಅದು ಅರ್ಧ ಅಳಿಸಿ ಹೋಗಿದೆ, ಈಗ ಇನ್ನರ್ಧ ಅಳಿಸೋಕೆ ಜನಾನೇ ಸಹಿ ಹಾಕ್ತಿದಾರೆ. ದಿನಾ ಬೆಳಿಗ್ಗೆ ಗುಡ್ ಮಾರ್ನಿಂಗ್ ಫೋಟೋ ಜೊತೆಗೆ 'ಸಹಿ ಹಾಕದವರು ದಯವಿಟ್ಟು ಹಾಕಿ' ಅಂತ ಮೆಸೇಜ್. ನಾನಿನ್ನೂ ಹಾಕಿಲ್ಲ. ಯಾಕೆ ಅಂತ ಗ್ರೂಪಲ್ಲಿ ಬರೆಯೋಕೆ ಹೋದ್ರೆ ಮೂರನೇ ಸಾಲಿಗೆ ಜಗಳ ಶುರುವಾಗತ್ತೆ, ಅದಕ್ಕೆ ಇಲ್ಲಿ ಬರೀತಿದೀನಿ. ಬೆಳಿಗ್ಗೆ ಅಲ್ಲಿ ನಡೆಯೋಳು ನಾನು, ಸಂಜೆ ಅದೇ ಟ್ರ್ಯಾಕಲ್ಲಿ ಸೈಕಲ್ ಹೊಡೆಯೋಳು ನನ್ನ ಮಗಳು, ಹಂಗಾಗಿ ಎರಡೂ ಕಡೆಯಿಂದ ಬೈಸಿಕೊಳ್ಳೋ ಅರ್ಹತೆ ನಂಗಿದೆ.

ಇಷ್ಟಕ್ಕೆಲ್ಲ ಕಾರಣ ಮೇಡಂ ಬಿದ್ದಿದ್ದು. ರಿಟೈರ್ಡ್ ಹೈಸ್ಕೂಲ್ ಮೇಡಂ, ಚೂಡಿದಾರಕ್ಕೆ ಸ್ಪೋರ್ಟ್ಸ್ ಶೂ ಹಾಕ್ಕೊಂಡು ಕೊಡೆ ಹಿಡ್ಕೊಂಡು ಬರ್ತಾರೆ, ಮಳೆ ಇರಲಿ ಬಿಡಲಿ. ಗ್ರೂಪಲ್ಲಿ ಆ ದಿನದ ಕತೆ 'ಸೈಕಲ್ ಗುದ್ದಿ ಮೇಡಂ ಕೈ ಮುರೀತು' ಅಂತ ಒಂದೇ ಸಾಲಿಗೆ ಇಳಿದಿದೆ. ನಾನು ಅವರ ಹಿಂದೆ ಸ್ವಲ್ಪ ದೂರದಲ್ಲೇ ಇದ್ದೆ, ನೋಡಿದೀನಿ, ಅದು ಒಂದು ಸಾಲಲ್ಲಿ ಮುಗಿಯೋ ಕತೆ ಅಲ್ಲ.

ರಾತ್ರಿಯೆಲ್ಲಾ ಜಡಿಮಳೆ ಹೊಡೆದು ಬೆಳಿಗ್ಗೆ ಒಂಚೂರು ಬಿಡುವು ಕೊಟ್ಟಿತ್ತು. ಇಂಟರ್‌ಲಾಕ್ ಕಲ್ಲಿನ ಮೇಲೆ ಹಸಿರು ಪಾಚಿ, ಮರದ ಕೆಳಗಂತೂ ಕಾಲಿಟ್ಟರೆ ಜಾರತ್ತೆ. ಮೇಡಂ ಎಡಗಡೆ ಹೋಗ್ತಿದ್ರು, ಸರಿಯಾಗೇ. ಹಿಂದಿಂದ ಒಬ್ಬ ಹುಡುಗ, ಆರನೇ ಕ್ಲಾಸೋ ಏಳನೇ ಕ್ಲಾಸೋ ಇರಬೇಕು, ಅವನಿಗಿಂತ ದೊಡ್ಡ ಗೇರ್ ಸೈಕಲ್ಲಲ್ಲಿ ನನ್ನ ದಾಟಿ ಹೋದ, ಜೋರಾಗೇನೂ ಇರಲಿಲ್ಲ. ಮೇಡಂ ಹತ್ರ ಹೋಗಿ ಬೆಲ್ ಹೊಡೆದ, ಹೊಡೀತಾ ಹೊಡೀತಾನೇ ದಾಟೋಕೆ ಅಂತ ಬಲಕ್ಕೆ ತಿರುಗಿಸಿದ. ಮೇಡಂ ಬೆಲ್ ಕೇಳಿದ್ದೇ ತಿರುಗಿ ಕೂಡ ನೋಡದೆ ಬಲಕ್ಕೆ ಹಾರಿದ್ರು. ಯಾಕೆ ಬಲಕ್ಕೇ ಅಂದ್ರೆ ಎಡಕ್ಕೆ ಕಲ್ಲು ಕುಸಿದು ನೀರು ನಿಂತಿತ್ತು, ಶೂ ಒದ್ದೆ ಮಾಡ್ಕೊಳ್ಳೋಕೆ ಯಾರಿಗೆ ಇಷ್ಟ. ಹುಡುಗ ಎರಡೂ ಬ್ರೇಕ್ ಅಮುಕಿದ, ಮುಂದಿನ ಚಕ್ರ ಪಾಚಿ ಮೇಲೆ ಜಾರ್ತು, ಹ್ಯಾಂಡಲ್ ತುದಿ ಮೇಡಂ ಮೊಣಕೈಗೆ ತಗುಲ್ತು ಅಷ್ಟೇ, ಅವರು ಬ್ಯಾಲೆನ್ಸ್ ತಪ್ಪಿ ಅಂಗೈ ಊರಿ ಬಿದ್ರು. ಹುಡುಗನ ಮಂಡಿ ತರಚಿ ರಕ್ತ ಬರ್ತಿತ್ತು, ಅದನ್ನ ನೋಡದೆ ಅವನು ಅಳೋಕೆ ಶುರು ಮಾಡಿದ, 'ಆಂಟಿ ಬೆಲ್ ಹೊಡೆದೆ ಆಂಟಿ, ಬೆಲ್ ಹೊಡೆದೆ' ಅಂತ. ಮೇಡಂ ನೆಲದ ಮೇಲೆ ಕೂತ್ಕೊಂಡೇ, ಎಡಗೈಯಲ್ಲಿ ಬಲಗೈ ಹಿಡ್ಕೊಂಡು, 'ಹೊಡೆದೆ ಕಣಪ್ಪ, ಕೇಳ್ತು' ಅಂದ್ರು.

ಮಣಿಕಟ್ಟು ಮುರಿದಿತ್ತು. ಬೀಳೋವಾಗ ಅಂಗೈ ಊರಿದ್ರೆ ಮಣಿಕಟ್ಟಿನ ಹತ್ರ ಮೂಳೆ ಮುರಿಯೋದಕ್ಕೆ ಡಾಕ್ಟರುಗಳು ಕೋಲಿಸ್ ಫ್ರ್ಯಾಕ್ಚರ್ ಅಂತಾರೆ, 1814ರಲ್ಲೇ ಐರ್ಲೆಂಡಿನ ಒಬ್ಬ ಸರ್ಜನ್ ಇದನ್ನ ವಿವರಿಸಿದ್ರು, ಎಕ್ಸ್‌ರೇ ಇನ್ನೂ ಹುಟ್ಟೇ ಇಲ್ಲದ ಕಾಲದಲ್ಲಿ. ಮುಟ್ಟು ನಿಂತ ಮೇಲೆ ಹೆಂಗಸರ ಮೂಳೆ ಸವೆಯೋದ್ರಿಂದ ಅವರಿಗೇ ಜಾಸ್ತಿ. ಅಂದ್ರೆ ನಿಂತಲ್ಲೇ ಬಿದ್ರೂ ಸಾಕು, ಸೈಕಲ್ ಸ್ಪೀಡಾಗಿ ಬಂದು ಗುದ್ದಬೇಕು ಅಂತೇನಿಲ್ಲ. ಹುಡುಗನ ಅಪ್ಪ ಆಸ್ಪತ್ರೆಗೆ ಬಂದು ದುಡ್ಡು ಕೊಡೋಕೆ ನೋಡಿದ್ರಂತೆ, ಮೇಡಂ ತಗೊಳ್ಳಲಿಲ್ಲ. ಸ್ಕೂಟರ್ ಆಗಿದ್ರೆ ಥರ್ಡ್ ಪಾರ್ಟಿ ಇನ್ಶೂರೆನ್ಸ್ ಅಂತಾದ್ರೂ ಇರ್ತಿತ್ತು, ಸೈಕಲ್ಲಿಗೆ ಅದೂ ಇಲ್ಲ, ಮೋಟಾರು ವಾಹನ ಕಾಯ್ದೆ ಪ್ರಕಾರ ಸೈಕಲ್ಲು ಮೋಟಾರು ವಾಹನಾನೇ ಅಲ್ವಲ್ಲ. ಮನವಿಗೆ ಮೇಡಂ ಸಹಿ ಹಾಕಿದಾರೆ, ಎಡಗೈಯಲ್ಲಿ. ಅವರ ಮೇಲೆ ನಂಗೆ ಬೇಜಾರಿಲ್ಲ, ಮುರಿದಿದ್ದು ಅವರ ಕೈ.

ಬೆಲ್ಲಿಗೆ ಯಾಕೆ ಹಾರ್ತೀವಿ

ಇದನ್ನ ನಾನು ಆಮೇಲೆ ಗಮನ ಇಟ್ಟು ನೋಡೋಕೆ ಶುರು ಮಾಡಿದೆ. ಹಿಂದಿಂದ ಬೆಲ್ ಬಂದ್ರೆ ಹತ್ತರಲ್ಲಿ ಎಂಟು ಜನ ಹಾರ್ತಾರೆ, ಯಾವ ಕಡೆ ಅಂತ ಅವರಿಗೂ ಗೊತ್ತಿರಲ್ಲ. ಇಬ್ಬರು ಜೊತೆಗೆ ಹೋಗ್ತಿದ್ರೆ ಒಬ್ರು ಎಡಕ್ಕೆ ಒಬ್ರು ಬಲಕ್ಕೆ, ಆಮೇಲೆ ಒಬ್ಬರ ಕೈ ಒಬ್ರು ಎಳೆದು ಇಬ್ಬರೂ ನಡುವಿಗೆ ವಾಪಸ್. ಗಂಡ ಹೆಂಡತಿ ಆದ್ರೆ ಈ ಎಳೆದಾಟ ಕಡ್ಡಾಯ. ನಮ್ಮೂರಲ್ಲಿ ಹಾರ್ನ್ ಅಂದ್ರೆ 'ಜರುಗು' ಅಂತ, ಐ.ಜಿ. ರೋಡಲ್ಲಿ ನಡೆದು ನಡೆದು ಕಾಲಿಗೇ ಅಭ್ಯಾಸ ಆಗಿಬಿಟ್ಟಿದೆ. ಸೈಕಲ್ ಹುಡುಗ ಬೆಲ್ ಹೊಡೆಯೋದು 'ನಾನು ಬರ್ತಿದೀನಿ, ನೀವು ಹೆಂಗಿದೀರೋ ಹಂಗೇ ಹೋಗಿ' ಅಂತ, ಕೇಳಿದೋರಿಗೆ ಅದು 'ಏಯ್, ಸೈಡು' ಅಂತ ಕೇಳತ್ತೆ. ಕೆಲವರಿಗಂತೂ ಬೆಲ್ ಹೊಡೆದಿದ್ದೇ ಅವಮಾನ, ನಿಂತು ತಿರುಗಿ 'ಏನೋ ನಿಮ್ಮಪ್ಪನ ರೋಡಾ' ಅಂತ ಕೇಳೇ ಬಿಡ್ತಾರೆ. ಇನ್ನು ಕಿವಿಗೆ ಇಯರ್‌ಫೋನ್ ಸಿಕ್ಕಿಸ್ಕೊಂಡು ಪ್ರವಚನ ಕೇಳ್ತಾ ಹೋಗೋರಿಗೆ ಬೆಲ್ಲೂ ಇಲ್ಲ ಏನೂ ಇಲ್ಲ.

ಲೆಕ್ಕ ಹಾಕಿದ್ರೆ ವಿಷ್ಯ ಇನ್ನೂ ಸ್ಪಷ್ಟ ಆಗತ್ತೆ (ಮೇಡಂ ಗಣಿತದ ಮೇಡಂ, ಒಪ್ಪಬಹುದು). ಗಂಟೆಗೆ 15 ಕಿಲೋಮೀಟರ್ ಹೋಗೋ ಸೈಕಲ್ಲು ಸೆಕೆಂಡಿಗೆ ನಾಲ್ಕು ಮೀಟರ್ ಚಿಲ್ಲರೆ ಹೋಗತ್ತೆ. ಮುಂದೆ ನಡೀತಿರೋರು ಗಂಟೆಗೆ 5 ಕಿಲೋಮೀಟರ್ ಅಂದ್ರೂ ಸೆಕೆಂಡಿಗೆ ಹತ್ರತ್ರ ಒಂದೂವರೆ ಮೀಟರ್. ಅಂತರ ಸೆಕೆಂಡಿಗೆ ಎರಡೂ ಮುಕ್ಕಾಲು ಮೀಟರ್ ಕಮ್ಮಿ ಆಗ್ತಾ ಬರತ್ತೆ. ಹುಡುಗರು ಬೆಲ್ ಹೊಡೆಯೋದು ಮೂರು ಮೀಟರ್ ಹತ್ರ ಬಂದಾಗ, ಅಂದ್ರೆ ಒಂದು ಸೆಕೆಂಡ್. ಕೇಳಿ, ಏನು ಅಂತ ಅರ್ಥ ಆಗಿ, ಕಾಲು ಎತ್ತೋದ್ರೊಳಗೆ ಮನುಷ್ಯನಿಗೆ ಒಂದು ಒಂದೂವರೆ ಸೆಕೆಂಡ್ ಬೇಕೇ ಬೇಕು. ಅಂದ್ರೆ ಸರಿಯಾಗಿ ಸೈಕಲ್ ಪಕ್ಕಕ್ಕೆ ಬರೋ ಹೊತ್ತಿಗೆ ಇವರು ಹಾರೋದು. ಅದೇ ಬೆಲ್ಲು ಹದಿನೈದು ಮೀಟರ್ ದೂರದಿಂದ ಹೊಡೆದಿದ್ರೆ ಐದು ಸೆಕೆಂಡ್ ಸಿಗ್ತಿತ್ತು, ತಿರುಗಿ ನೋಡಿ, ಯಾರ ಮನೆ ಹುಡುಗ ಅಂತ ಗುರುತು ಹಿಡಿದು, ಎಡಕ್ಕೆ ಸರಿಯೋಕೆ ಧಾರಾಳ ಟೈಮು. ಬೆಲ್ ಇದ್ದಿದ್ದು ಸರಿನೇ, ಹೊಡೆದ ದೂರ ತಪ್ಪು. ಇದನ್ನ ಆ ಹುಡುಗನಿಗೆ ಯಾರು ಹೇಳಿಕೊಟ್ಟಿದ್ರು? ಯಾರೂ ಇಲ್ಲ. ಸೈಕಲ್ ಕಲಿಸೋದು ಅಂದ್ರೆ ಸೀಟು ಹಿಡ್ಕೊಂಡು ಓಡಿ ಕೈ ಬಿಡೋದು, ಅಲ್ಲಿಗೆ ಅಪ್ಪ ಅಮ್ಮನ ಕೆಲಸ ಮುಗೀತು.

ಇನ್ನೊಂದು, 'ನಿಧಾನ ಹೋಗೋ' ಅಂತ ಎಲ್ಲರೂ ಕೂಗ್ತಾರೆ. ತೀರಾ ನಿಧಾನ ಹೋದ್ರೆ ಸೈಕಲ್ಲು ವಾಲಾಡತ್ತೆ, ಹೊಡೆದೋರಿಗೆಲ್ಲ ಗೊತ್ತಿರೋದು. ಹ್ಯಾಂಡಲ್ಲು ಎರಡಡಿ ಅಗಲ ಇದ್ರೂ ವಾಲಾಟ ಸೇರಿ ಒಂದು ಮೀಟರ್ ಜಾಗ ಬೇಕು ಸೈಕಲ್ಲಿಗೆ, ಚಿಕ್ಕ ಮಕ್ಕಳಿಗೆ ಇನ್ನೂ ಜಾಸ್ತಿ. ನಡೆಯೋರಿಗೆ ಮಾತ್ರ ಇರೋ ಫುಟ್‌ಪಾತಿಗೇ ಅಡ್ಡಿ ಇಲ್ಲದ ಜಾಗ ಕನಿಷ್ಠ 1.8 ಮೀಟರ್ ಬೇಕು ಅಂತ ಇಂಡಿಯನ್ ರೋಡ್ಸ್ ಕಾಂಗ್ರೆಸ್ 2012ರ ಮಾರ್ಗಸೂಚಿಯಲ್ಲಿ ಹೇಳಿದೆ. ನಮ್ಮ ಟ್ರ್ಯಾಕು ನೋಡೋಕೆ ಎಂಟಡಿ ಇದೆ, ಅದರಲ್ಲಿ ಲೈಟ್ ಕಂಬ ಒಂದಡಿ ಒಳಗೆ, ದಾನಿಗಳ ಹೆಸರು ಕೆತ್ತಿದ ಕಲ್ಲು ಬೆಂಚು ಒಂದೂವರೆ ಅಡಿ ಒಳಗೆ, ಬೆಂಚಲ್ಲಿ ಕೂತೋರ ಕಾಲು ಅದಕ್ಕಿಂತ ಮುಂದೆ. ಉಳಿದಿದ್ದರಲ್ಲಿ ಮೂರು ಜನ ಸಾಲಾಗಿ ಮಾತಾಡ್ಕೊಂಡು ಹೋಗ್ತಾರೆ. ಸೈಕಲ್ಲಿಗೆ ಉಳಿಯೋದು ಗಾಳಿ.

ಮನವಿಯಲ್ಲಿ ಇಲ್ಲದೇ ಇರೋದು

ಸೈಕಲ್ ಬಂದ್ ಮಾಡಿದ್ರೆ ಆ ಕುಸಿದ ಕಲ್ಲು ಎದ್ದು ಕೂರತ್ತಾ? ಪಾಚಿ ಹೋಗತ್ತಾ? ಟ್ರ್ಯಾಕಲ್ಲಿ ಒಂದು ನೇರಳೆ ಮರ ಇದೆ, ಹಣ್ಣಿನ ಕಾಲದಲ್ಲಿ ಅದರ ಕೆಳಗೆ ಹತ್ತಡಿ ಜಾಗ ಪೂರ್ತಿ ನೇರಳೆ ಬಣ್ಣ, ತುಳಿದು ತುಳಿದು ಲೋಳೆ, ಮೇಲಿಂದ ಮುಂಗಾರಿನ ಮೊದಲ ಮಳೆ. ಅಲ್ಲಿ ಕಾಲು ಜಾರಿ ಬಿದ್ದೋರು ಸೈಕಲ್ ಜೊತೆ ಗುದ್ದಿಸ್ಕೊಂಡೋರಿಗಿಂತ ಖಂಡಿತ ಜಾಸ್ತಿ, ಆದ್ರೆ ಮರದ ಮೇಲೆ ಯಾರೂ ಮನವಿ ಬರೆಯಲ್ಲ, ಹಣ್ಣು ಆರಿಸ್ಕೊಂಡು ಹೋಗ್ತಾರೆ. ನೀರು ಹರಿಯೋಕೆ ಅಡ್ಡಕ್ಕೆ ಹಾಕಿರೋ ಕಬ್ಬಿಣದ ಜಾಲರಿ ಒಂದು ಕಡೆ ಉದ್ದುದ್ದಕ್ಕೆ ಕೂತಿದೆ, ಸಂದಿಗೆ ಸೈಕಲ್ ಟಯರ್ ಇಳಿದ್ರೆ ಹುಡುಗ ಹ್ಯಾಂಡಲ್ ಮೇಲಿಂದ ಮುಂದಕ್ಕೆ. ಜಾಲರಿ ತೆಗೆದು ಅಡ್ಡ ತಿರುಗಿಸಿ ಕೂರಿಸಿದ್ರೆ ಮುಗೀತು, ಖರ್ಚೂ ಇಲ್ಲ. ನಾಯಿಗಳ ಬಗ್ಗೆ ಹೇಳೋದೇ ಬೇಡ, ಬೀದಿನಾಯಿ ಚಕ್ರ ಕಂಡ್ರೆ ಅಟ್ಟಿಸ್ಕೊಂಡು ಬರತ್ತೆ, ಸಾಕಿದ ನಾಯಿ ಟ್ರ್ಯಾಕಿನ ಆ ಕಡೆ, ಒಡೆಯ ಈ ಕಡೆ, ನಡುವೆ ಕಣ್ಣಿಗೆ ಕಾಣದ ತೆಳು ಬೆಲ್ಟು.

ಎಲ್ಲದಕ್ಕಿಂತ ನಂಗೆ ಭಯ ಆಗೋದು ಗೇಟಿನ ಚೈನು. ಬೈಕು ಒಳಗೆ ಬರಬಾರದು ಅಂತ ಎರಡು ಕಬ್ಬಿಣದ ಕಂಬ ನೆಟ್ಟು ನಡುವೆ ಸೊಂಟದ ಎತ್ತರಕ್ಕೆ ಚೈನ್ ಕಟ್ಟಿದಾರೆ. ತುಕ್ಕು ಹಿಡಿದು ಮಣ್ಣಿನ ಬಣ್ಣ. ನಮ್ಮೂರು ಸಾವಿರ ಮೀಟರ್ ಮೇಲಿರೋ ಊರು, ಡಿಸೆಂಬರಲ್ಲಿ ಬೆಳಿಗ್ಗೆ ಮಂಜು ಇಳಿದ್ರೆ ಎದುರಿಗಿರೋ ಮಂಕಿ ಕ್ಯಾಪ್ ಯಾರು ಅಂತ ದನಿ ಕೇಳಿ ಗುರುತು ಹಿಡಿಯಬೇಕು, ಅದರಲ್ಲಿ ಚೈನ್ ಯಾರಿಗೆ ಕಾಣತ್ತೆ. ಈಗಿನ ಸೈಕಲ್ಲಿಗೆ ಲೈಟೂ ಇಲ್ಲ, ಡೈನಮೋ ಕಾಲ ಹೋಗಿ ಎಷ್ಟೋ ವರ್ಷ ಆಯ್ತು. ಕೈಮರದ ಕಡೆಯಿಂದ ಗಿರಿ ಹತ್ತೋಕೆ ಹೋಗೋ ಒಬ್ಬ ಹುಡುಗ ಕೆ.ಎಂ. ರಸ್ತೆ ಟ್ರಾಫಿಕ್ ತಪ್ಪಿಸೋಕೆ ಅಂತ ನಸುಕಲ್ಲಿ ಈ ಟ್ರ್ಯಾಕಿಗೆ ಬಂದು ಚೈನಿಗೆ ಸಿಕ್ಕಿ ಬಿದ್ದಿದ್ದ, ಹೆಲ್ಮೆಟ್ ಇತ್ತು ಬದುಕಿದ. ಚೈನಿನ ಬದಲು ಕಂಬ ಕಂಬದ ನಡುವೆ ವೀಲ್‌ಚೇರ್ ಹೋಗೋಷ್ಟು ಸಂದಿ ಬಿಟ್ಟು, ಕಂಬಕ್ಕೆ ಒಂದು ಪಟ್ಟಿ ರೇಡಿಯಂ ಸ್ಟಿಕ್ಕರ್ ಅಂಟಿಸಿದ್ರೆ ಸಾಕು. ಸೈಕಲ್ ಶಾಪಲ್ಲಿ ಕೇಳಿದ್ರೆ ಕತ್ತರಿಸಿ ಕೊಡ್ತಾರೆ.

ಆ ಚೈನು ತಡೆಯೋದಾದ್ರೂ ಯಾರನ್ನ ಅಂತೀರಿ. ಒಂದಿನ ಬೆಳಿಗ್ಗೆ ನಾನು ಗೇಟ್ ಹತ್ರ ಶೂ ಲೇಸ್ ಕಟ್ಕೊಳ್ತಾ ಇದ್ದೆ. ಹಾಲಿನವನು ಟಿವಿಎಸ್ ಎಕ್ಸೆಲ್ಲಲ್ಲಿ ಎರಡೂ ಕಡೆ ಕ್ಯಾನ್ ನೇತು ಹಾಕ್ಕೊಂಡು ಬಂದ, ಚೈನ್ ಮುಂದೆ ನಿಂತು 'ಅಂಕಲ್, ಒಂಚೂರು ಎತ್ತಿ' ಅಂದ. ಅಂಕಲ್ ಎರಡೂ ಕೈಯಲ್ಲಿ ಚೈನ್ ಎತ್ತಿ ಹಿಡಿದ್ರು, ಇವನು ತಲೆ ಬಗ್ಗಿಸಿ ಕೆಳಗೆ ನುಸುಳಿ ಹೋದ, 'ಥ್ಯಾಂಕ್ಸ್ ಅಂಕಲ್' ಅಂತ ಹಾರ್ನ್ ಬೇರೆ ಹೊಡೆದ. ಮನವಿಗೆ ಮೊದಲ ಸಹಿ ಅದೇ ಅಂಕಲ್ಲದು. ನಾನು ಮುಖ ನೋಡಿದ್ದಕ್ಕೆ 'ಪಾಪ ಸುತ್ತು ಹಾಕ್ಕೊಂಡು ಹೋಗ್ಬೇಕಮ್ಮ, ಹಾಲು ಲೇಟಾಗತ್ತೆ' ಅಂದ್ರು. ಅವರ ಮನೆಗೂ ಅವನೇ ಹಾಲು ಹಾಕೋದು. ಸಂಜೆ ಆದ್ರೆ ಕಾಲೇಜು ಹುಡುಗರ ಸ್ಕೂಟಿ, ಈಗ ಹೊಸದಾಗಿ ಲೈಸೆನ್ಸ್ ಬೇಡದ ಎಲೆಕ್ಟ್ರಿಕ್ ಗಾಡಿ. 250 ವ್ಯಾಟಿಗಿಂತ ಕಮ್ಮಿ ಶಕ್ತಿಯ ಮೋಟರು, 25 ಕಿಲೋಮೀಟರಿಗಿಂತ ಕಮ್ಮಿ ಸ್ಪೀಡು ಇದ್ರೆ ಅದು ನಿಯಮದ ಪ್ರಕಾರ ಮೋಟಾರು ವಾಹನ ಅಲ್ಲ, ಹಂಗಾಗಿ 'ವಾಹನಗಳಿಗೆ ಪ್ರವೇಶವಿಲ್ಲ' ಅನ್ನೋ ಬೋರ್ಡು ತೋರಿಸಿದ್ರೆ ಅವರು ಇದನ್ನೇ ತಿರುಗಿ ಹೇಳ್ತಾರೆ. ಅದು ಸದ್ದಿಲ್ಲದೆ ಬರತ್ತೆ, ಸೈಕಲ್ಲಿಗಿಂತ ಎಷ್ಟೋ ಪಟ್ಟು ತೂಕ. ಸೈಕಲ್ ನಿಷೇಧ ಅಂತ ಬೋರ್ಡ್ ಹಾಕಿದ್ರೆ ನಿಲ್ಲೋದು ಯಾರು ಅಂದ್ರೆ ಹೇಳಿದ್ದು ಕೇಳೋ ಮಕ್ಕಳು ಮಾತ್ರ.

ಆ ಮಕ್ಕಳು ಹೋಗೋದೆಲ್ಲಿಗೆ

ನಮ್ಮಪ್ಪ ಹೇಳ್ತಿದ್ರು, ಅವರ ಕಾಲದಲ್ಲಿ ಸೈಕಲ್ಲಿಗೆ ಬಿಲ್ಲೆ ಇರ್ತಿತ್ತಂತೆ, ವರ್ಷಕ್ಕೊಂದ್ಸಲ ದುಡ್ಡು ಕಟ್ಟಿ ತಗೊಂಡು ಸೈಕಲ್ಲಿಗೆ ಸಿಕ್ಕಿಸ್ಕೋಬೇಕು. ಕತ್ತಲಾದ ಮೇಲೆ ದೀಪ ಇಲ್ಲದೆ ಹೋದ್ರೆ, ಡಬಲ್ ರೈಡ್ ಹೋದ್ರೆ ಪೊಲೀಸ್ ಹಿಡಿದು ಚಕ್ರದ ಗಾಳಿ ಬಿಡ್ತಿದ್ದ. ಕೇಳಿದ್ರೆ ಈಗಿನೋರು ನಗ್ತಾರೆ, ಆದ್ರೆ ಆಗ ಸೈಕಲ್ಲೂ ಒಂದು ವಾಹನ ಅಂತ ಲೆಕ್ಕಕ್ಕಿತ್ತು. ಆಮೇಲೆ ಬೈಕು ಬಂತು, ಸೈಕಲ್ಲು ಆಟದ ಸಾಮಾನಿನ ಸಾಲಿಗೆ ಸೇರ್ತು, ನಿಯಮಾನೂ ಹೋಯ್ತು ಜಾಗಾನೂ ಹೋಯ್ತು. 2006-07ರಿಂದ ಸರ್ಕಾರ ಎಂಟನೇ ಕ್ಲಾಸಿನ ಮಕ್ಕಳಿಗೆ ಸೈಕಲ್ ಕೊಡೋಕೆ ಶುರು ಮಾಡ್ದಾಗ ಹಳ್ಳಿ ಹೆಣ್ಣುಮಕ್ಕಳು ಸಾಲುಸಾಲಾಗಿ ಸೈಕಲ್ಲಲ್ಲಿ ಸ್ಕೂಲಿಗೆ ಬರೋದು ನೋಡೋಕೇ ಖುಷಿ ಆಗ್ತಿತ್ತು. ಸೈಕಲ್ ಕೊಟ್ರು, ಅದನ್ನ ಹೊಡೆಯೋಕೆ ರೋಡಿನ ಅಂಚಲ್ಲಿ ನಾಲ್ಕಡಿ ಯಾರೂ ಕೊಡಲಿಲ್ಲ.

ಶನಿವಾರ ಭಾನುವಾರ ನಮ್ಮೂರ ರಸ್ತೆ ಯಾರಿಗೆ ಗೊತ್ತಿಲ್ಲ ಹೇಳಿ. ಮುಳ್ಳಯ್ಯನಗಿರಿಗೆ ಹೋಗೋ ಕಾರುಗಳು, ಬಾಡಿಗೆ ಜೀಪು, ಟಿಟಿ, ಕಿಟಕಿಯಿಂದ ತಲೆ ಹೊರಗೆ ಹಾಕಿ ಕಿರುಚೋರು. ಅಲ್ಲಿಗೆ ಹನ್ನೊಂದು ವರ್ಷದ ಮಗಳನ್ನ ಸೈಕಲ್ ಕೊಟ್ಟು ಕಳಿಸು ಅಂದ್ರೆ ಯಾವ ತಾಯಿ ಕಳಿಸ್ತಾಳೆ. ಬೆಂಗಳೂರಲ್ಲಿ 2020ರಲ್ಲಿ ಔಟರ್ ರಿಂಗ್ ರೋಡಲ್ಲಿ ಸಿಲ್ಕ್ ಬೋರ್ಡಿಂದ ಸೈಕಲ್ಲಿಗೇ ಅಂತ ಲೇನ್ ಮಾಡಿದ್ರು, ನೆಟ್ಟ ಕಂಬ ಮುರಿದು ಬೈಕುಗಳು ನುಗ್ಗಿದ್ವು, ಆಮೇಲೆ ಲೇನೇ ಇಲ್ಲ. ಅಷ್ಟು ಅಗಲದ ರೋಡಲ್ಲೇ ಉಳಿಯದೇ ಇರೋದು ನಮ್ಮ ಎಂ.ಜಿ. ರೋಡಲ್ಲಿ ಬರತ್ತೆ ಅಂತ ಕಾಯೋದು ದಂಡ. ಅಂದ್ಮೇಲೆ ಮಕ್ಕಳಿಗೆ ಉಳಿದಿರೋದು ಈ ಕೆರೆ ಟ್ರ್ಯಾಕೇ. ನಡೆಯೋರು ಇಲ್ಲಿಗೆ ಬರೋದೂ ಅದೇ ಕಾರಣಕ್ಕೆ, ರೋಡಲ್ಲಿ ನಡೆಯೋಕಾಗಲ್ಲ ಅಂತ. ಇಲ್ಲಿ ಬಂದ್ರೆ ಮಗುವಿನ ಕೈ ಬಿಡಬಹುದು, ಹಿಂದೆ ಮುಂದೆ ನೋಡ್ದೆ ಮಾತಾಡ್ಕೊಂಡು ಹೋಗಬಹುದು. ಆ ನಿರಾಳ ಇರೋದ್ರಿಂದಲೇ ಇಲ್ಲಿ ಗುದ್ದೋದು, ಮತ್ತೆ ಆ ನಿರಾಳ ಕಳೆದ್ರೆ ಇಲ್ಲಿಗೆ ಬರೋದ್ರಲ್ಲೇ ಅರ್ಥ ಇಲ್ಲ. ಹಂಗಾಗಿ ಹುಷಾರಾಗಿರೋ ಭಾರ ಚಕ್ರ ತಂದೋರ ಮೇಲೇ ಜಾಸ್ತಿ ಬೀಳಬೇಕು, ಇದನ್ನ ನಾನು ಸೈಕಲ್ ಹೊಡೆಯೋ ಮಗಳ ತಾಯಿಯಾಗೇ ಹೇಳ್ತಿದೀನಿ. ಜನ ಕಿಕ್ಕಿರಿಯೋ ಬೆಳಿಗ್ಗೆ ಎಂಟರ ತನಕ ಸೈಕಲ್ ಬೇಡ ಅಂದ್ರೆ ನಾನೇ ಮೊದಲು ಸಹಿ ಹಾಕ್ತೀನಿ. ಪೂರ್ತಿ ನಿಷೇಧಕ್ಕೆ ಹಾಕಲ್ಲ.

ಪ್ರದಕ್ಷಿಣೆ

ನಂಗೆ ಹೊಳೆದ ಒಂದು ಉಪಾಯ ಇದೆ, ಗ್ರೂಪಲ್ಲಿ ಹಾಕಿದೆ, ಅದರದ್ದೇ ಈಗ ದೊಡ್ಡ ರಾಮಾಯಣ. ದೇವಸ್ಥಾನದಲ್ಲಿ ಎಷ್ಟೇ ರಶ್ ಇದ್ರೂ ಎಲ್ಲರೂ ಒಂದೇ ಕಡೆ ಸುತ್ತುತಾರೆ, ಬಾಣದ ಗುರುತು ಬೇಡ, ಕಾವಲು ಬೇಡ. ಕೆರೆ ಸುತ್ತ ಮಾತ್ರ ಅರ್ಧ ಜನ ಹಿಂಗೆ ಅರ್ಧ ಜನ ಹಂಗೆ. ನಡೆಯೋರೆಲ್ಲ ಒಂದು ಕಡೆ ಸುತ್ತಿ, ಸೈಕಲ್ಲುಗಳೆಲ್ಲ ಅದರ ವಿರುದ್ಧ ದಿಕ್ಕಲ್ಲಿ ಬಂದ್ರೆ ಪ್ರತಿ ಸೈಕಲ್ಲೂ ಎದುರಿಗೇ ಕಾಣತ್ತೆ. ಕಣ್ಣಿಗೆ ಕಂಡ ಮೇಲೆ ಬೆಲ್ ಯಾಕೆ, ಹಾರೋದ್ಯಾಕೆ. ಫುಟ್‌ಪಾತ್ ಇಲ್ಲದ ರೋಡಲ್ಲಿ ಬಲಗಡೆ, ಬರೋ ಗಾಡಿಗೆ ಮುಖ ಮಾಡಿ ನಡೀಬೇಕು ಅಂತ ಸ್ಕೂಲಲ್ಲಿ ಹೇಳಿಕೊಟ್ಟಿದ್ದೂ ಇದೇ ಲೆಕ್ಕಕ್ಕೆ.

ಮೊದಲ ಆಕ್ಷೇಪಣೆ ಬಂದಿದ್ದು, ಸ್ಟೇಡಿಯಮ್ಮಲ್ಲಿ ಅಥ್ಲೀಟುಗಳು ಅಪ್ರದಕ್ಷಿಣೆಯಾಗಿ ಓಡ್ತಾರೆ, ಅದೇ ಆರೋಗ್ಯಕ್ಕೆ ಒಳ್ಳೇದು, ನಾವೂ ಹಂಗೇ ನಡೆಯೋಣ ಅಂತ. ತಕ್ಷಣ ಇನ್ನೊಬ್ಬರು, ಕೆರೆ ಅಂದ್ರೆ ಗಂಗಮ್ಮ, ಬೆಳಿಗ್ಗೆ ಎದ್ದು ಅಪ್ರದಕ್ಷಿಣೆ ಹಾಕೋಕಾಗತ್ತೇನ್ರೀ ಅಂದ್ರು. ಸರಿ, ನಡೆಯೋರು ಪ್ರದಕ್ಷಿಣೆ, ಸೈಕಲ್ ಮಕ್ಕಳು ಅಪ್ರದಕ್ಷಿಣೆ, ಮಕ್ಕಳಿಗೆ ದೋಷ ಇಲ್ಲ ಅಂತ ಒಪ್ಪಂದ ಆಗೋ ಹೊತ್ತಿಗೆ ರಿಟೈರ್ಡ್ ಇಂಜಿನಿಯರ್ ಒಬ್ರು ಎದ್ದರು. ಅವರು ಕಾಗದದ ಮೇಲೆ ಕೆರೆ ಬರೆದು ಬಾಣ ಹಾಕಿ ಫೋಟೋ ಕಳಿಸಿದ್ರು. ಎಲ್ಲರೂ ಎಡಕ್ಕೇ ಇರ್ತಾರೆ ಅಂತ ಇಟ್ಕೊಂಡ್ರೆ, ಅಪ್ರದಕ್ಷಿಣೆ ಬರೋ ಸೈಕಲ್ಲಿನ ಎಡಗಡೆ ಇರೋದು ನೀರು. ಅಂದ್ರೆ ನಡೆಯೋರು ಹೊರಗಿನ ಅಂಚಲ್ಲಿ ಕ್ಷೇಮ, ಮಕ್ಕಳು ಸೈಕಲ್ಲಲ್ಲಿ ನೀರಿನ ಅಂಚಲ್ಲಿ. ಇದು ನಂಗೆ ಹೊಳೆದೇ ಇರಲಿಲ್ಲ, ನೂರಕ್ಕೆ ನೂರು ಸರಿ. ನೀರಿನ ಕಡೆ ಕಂಬಿ ಇದೆ, ಆದ್ರೆ ತೂಬಿನ ಹತ್ರ ಎರಡು ಮಾರು ಉದ್ದ ಕಂಬಿ ಕಿತ್ತು ಹೋಗಿ ಬರೀ ಗೂಟ ನಿಂತಿವೆ, ಯಾವಾಗ ಹೋಯ್ತೋ, ಗುಜರಿಗೇ ಹೋಗಿರಬೇಕು. ಅಲ್ಲಿ ಇಳಿಜಾರು ಕಲ್ಲು, ಕೆಳಗೆ ಹೂಳು, ಮಳೆಗಾಲದಲ್ಲಿ ನೀರು ಕಲ್ಲಿನ ಅರ್ಧಕ್ಕೆ ಬಂದಿರತ್ತೆ.

ಆ ಕಂಬಿ ವಿಷ್ಯಕ್ಕೆ ಗ್ರೂಪಲ್ಲಿ ಮೊದಲ ಸಲ ಎಲ್ಲರೂ ಒಪ್ಪಿದಾರೆ, ಸೈಕಲ್ ಬೇಕು ಅನ್ನೋರೂ ಬೇಡ ಅನ್ನೋರೂ. ಇಂಜಿನಿಯರ್ ಅಂಕಲ್ ಟೇಪ್ ಹಿಡ್ಕೊಂಡು ಹೋಗಿ ಅಳತೆ ತಗೊಂಡು ಬಂದಿದಾರೆ, ಮೇಡಂ ವೆಲ್ಡಿಂಗ್ ಅಂಗಡಿ ಇಟ್ಟಿರೋ ತಮ್ಮ ಹಳೇ ಸ್ಟೂಡೆಂಟಿಗೆ ಫೋನ್ ಮಾಡಿ ರೇಟು ಕೇಳಿದಾರೆ. ಯಾರು ದುಡ್ಡು ಹಾಕೋದು, ನಾವೇ ಹಾಕಿಸಿದ್ರೆ ನಾಳೆ ಯಾರಾದ್ರೂ ಪರ್ಮಿಷನ್ ಎಲ್ಲಿ ಅಂತ ಕೇಳ್ತಾರಾ ಅನ್ನೋದು ಈಗ ನಡೀತಿರೋ ಚರ್ಚೆ. ಅಲ್ಲೀವರೆಗೆ ದಿಕ್ಕಿನ ಮಾತು ಬೇಡ ಅಂತ ನಾನೇ ಹೇಳಿದೀನಿ. ಮಗಳಿಗೆ, ಬೆಲ್ಲನ್ನ ಎರಡು ಲೈಟ್ ಕಂಬದಷ್ಟು ದೂರದಿಂದ್ಲೇ ಹೊಡಿ, ತೂಬಿನ ಹತ್ರ ಇಳಿದು ತಳ್ಕೊಂಡು ಹೋಗು ಅಂದಿದೀನಿ. ಬೆಲ್ ವಿಷ್ಯ ಕೇಳ್ತಾಳೆ. ತಳ್ಳೋ ವಿಷ್ಯಕ್ಕೆ, 'ಫ್ರೆಂಡ್ಸ್ ಯಾರೂ ತಳ್ಳಲ್ಲ ಅಮ್ಮಾ' ಅಂತಿದಾಳೆ.